ಸೋಂಕಿನ ಲೆಕ್ಕ 40 ಪಟ್ಟು ಹಿಗ್ಗಿತು, ಸಾವಿನ ಲೆಕ್ಕ?

2021ರ ಮೇ ತಿಂಗಳು. ಗಜೇಂದ್ರಗಡ ತಾಲ್ಲೂಕಿನ ನಮ್ಮೂರು ಲಕ್ಕಲಕಟ್ಟಿಯಲ್ಲಿ, ನಮ್ಮ ಓಣಿಯ ಮನೆಗಳಿಗೆ ಒಂದರ ಹಿಂದೊಂದು ಜ್ವರ ಹೊಕ್ಕಿತ್ತು. ನಮ್ಮ ಕಾಕಾನಿಗೂ ಬಂತು. "ಗಜೇಂದ್ರಗಡಕ್ಕ ಹೋಗಿ ಟೆಸ್ಟ್ ಮಾಡಿಸೂಣು ನಡೀರಿ ಕಾಕಾ" ಅಂದೆ. "ಏ ತಮ್ಮಾ, ಇದು ಟೈಫಾಯ್ಡ್ ಐತಿ. ಟೆಸ್ಟ್ ಮಾಡಿಸಿದ್ರ ಎತ್ಕೊಂಡು ಹೋಗ್ತಾರ, ಹೆಣಾನೂ ಕೊಡಂಗಿಲ್ಲ" ಅಂದರು. ಐದನೇ ದಿನ ರಕ್ತ ತೋರಿಸಿದಾಗ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಒಂಬತ್ತನೇ ದಿನ ತೀರಿಕೊಂಡರು. ವಯಸ್ಸು 58.

ಟೆಸ್ಟ್ ಆಗಿರಲಿಲ್ಲ. ಹಾಗಾಗಿ ಸಂಜೆಯ ಸರ್ಕಾರಿ ಬುಲೆಟಿನ್‌ನಲ್ಲಿ ಅವರ ಸೋಂಕೂ ಇಲ್ಲ, ಸಾವೂ ಇಲ್ಲ.

ಆ ಬುಲೆಟಿನ್ ಎಣಿಸುತ್ತಿದ್ದುದು ಸೋಂಕಿತರನ್ನಲ್ಲ, ಟೆಸ್ಟ್ ಮಾಡಿಸಿಕೊಂಡು ಪಾಸಿಟಿವ್ ಬಂದವರನ್ನು. ಟೆಸ್ಟ್ ಕೇಂದ್ರ ಹತ್ತಿರವಿದ್ದವರು, ಕೂಲಿ ತಪ್ಪಿದರೂ ನಡೆಯುತ್ತೆ ಎನ್ನುವವರು, ಹೆದರದವರು ಅದರಲ್ಲಿ ಹೆಚ್ಚು. ನಿಜಕ್ಕೂ ಎಷ್ಟು ಜನಕ್ಕೆ ತಗುಲಿದೆ ಎಂದು ತಿಳಿಯಲು ಇನ್ನೊಂದು ದಾರಿ ಇದೆ: ಸೆರೋ ಸಮೀಕ್ಷೆ. ವೈರಸ್ ಬಂದುಹೋದ ಮೇಲೆ ರಕ್ತದಲ್ಲಿ ಪ್ರತಿಕಾಯ ಉಳಿಯುತ್ತದೆ. ಸರಿಯಾಗಿ ಆಯ್ದ ಕೆಲವು ಸಾವಿರ ಜನರ ರಕ್ತ ನೋಡಿದರೆ ಇಡೀ ರಾಜ್ಯದ ಅಂದಾಜು ಸಿಗುತ್ತದೆ.

ಕರ್ನಾಟಕ ಸರ್ಕಾರ ಇದನ್ನು ಮಾಡಿತು, 2020ರ ಸೆಪ್ಟೆಂಬರ್ 3ರಿಂದ 16ರವರೆಗೆ, 30 ಜಿಲ್ಲೆಗಳಲ್ಲಿ, 15 ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ. ಅಪಾಯದ ಮಟ್ಟ ನೋಡಿ ಜನರನ್ನು ಮೂರು ಗುಂಪು ಮಾಡಿದ್ದರು. ತಪಾಸಣೆಗೆ ಬರುವ ಗರ್ಭಿಣಿಯರು ಮತ್ತು ರೋಗಿಗಳ ಜೊತೆಗೆ ಬಂದವರು ಒಂದು ಕಡೆ. ಇವರು ಆಸ್ಪತ್ರೆಗೆ ಬಂದದ್ದು ತಮ್ಮ ಜ್ವರಕ್ಕಾಗಿ ಅಲ್ಲವಾದ್ದರಿಂದ ಸಾಮಾನ್ಯ ಜನರ ಸ್ಥಿತಿಯನ್ನು ಹೇಳಬಲ್ಲರು. ಬಸ್ ಕಂಡಕ್ಟರ್, ತರಕಾರಿ ಮಾರುವವರು, ಪೌರಕಾರ್ಮಿಕರು, ಆರೋಗ್ಯ ಸಿಬ್ಬಂದಿ ಎರಡನೆಯವರು, ದಿನಾ ನೂರು ಮುಖ ನೋಡುವವರು. 60 ದಾಟಿದವರು, ಸಕ್ಕರೆ-ಬಿಪಿ ಇರುವವರು ಮೂರನೆಯವರು. (ಸಕ್ಕರೆ ಇದೆ ಅಂತ ಗೊತ್ತಿದ್ದರೆ ತಾನೇ ಮೂರನೆಯ ಗುಂಪು? ನಮ್ಮ ಕಾಕಾ ಯಾವ ಗುಂಪಿಗೆ ಬರುತ್ತಿದ್ದರು ಎಂದು ನಾನು ಆಗಾಗ ಯೋಚಿಸುತ್ತೇನೆ.)

ಫಲಿತಾಂಶ: ಶೇ 27.3 ಜನಕ್ಕೆ ಸೋಂಕು ಆಗ ಇತ್ತು ಅಥವಾ ಬಂದುಹೋಗಿತ್ತು. ಅಂದರೆ ಸುಮಾರು 1.93 ಕೋಟಿ ಜನ. ಅಂದಿನ ಅಧಿಕೃತ ಪ್ರಕರಣಗಳು ಐದು ಲಕ್ಷಕ್ಕೂ ಕಡಿಮೆ. ಬುಲೆಟಿನ್‌ನಲ್ಲಿ ಕಂಡ ಒಬ್ಬ ಸೋಂಕಿತನ ಹಿಂದೆ ಸುಮಾರು 40 ಸೋಂಕು.

ಇದೇ ಹೊತ್ತಿಗೆ ಮನೋಜ್ ಮೋಹನನ್ ಮತ್ತು ಸಂಗಡಿಗರು ಇನ್ನೊಂದು ಸಮೀಕ್ಷೆ ಮಾಡಿದ್ದರು, ಆಸ್ಪತ್ರೆಗಳಲ್ಲಿ ಅಲ್ಲ, ಮನೆಮನೆಗೆ ಹೋಗಿ. 2020ರ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗಿನ ಅವರ ಅಂದಾಜು ಶೇ 46.7, ಸುಮಾರು 3.15 ಕೋಟಿ ಜನ. ಹಳ್ಳಿಗಳಲ್ಲೇ ಶೇ 44.1! ಕೊರೊನಾ ಅಂದರೆ ಬೆಂಗಳೂರಿನ ಕಾಯಿಲೆ ಅಂತ ನಾವು ಊರ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದ ದಿನಗಳವು.

ಎರಡು ಲೆಕ್ಕಗಳ ನಡುವೆ ಒಂದು ಕೋಟಿಗೂ ಮಿಕ್ಕಿ ವ್ಯತ್ಯಾಸ. ಯಾರೂ ಸುಳ್ಳು ಹೇಳಿಲ್ಲ. ಜನರನ್ನು ಆಯ್ದ ರೀತಿ ಬೇರೆ, ಬಳಸಿದ ಪರೀಕ್ಷೆ ಬೇರೆ. ಜೊತೆಗೆ ಪ್ರತಿಕಾಯ ತಿಂಗಳು ಕಳೆದಂತೆ ಕರಗುತ್ತದೆ. ಸರ್ಕಾರದ್ದೇ ಎರಡನೇ ಸುತ್ತಿನಲ್ಲಿ, 2021ರ ಜನವರಿ-ಫೆಬ್ರುವರಿಯಲ್ಲಿ, ಪ್ರತಿಕಾಯ ಸಿಕ್ಕಿದ್ದು ಶೇ 15.6 ಜನರಲ್ಲಿ ಮಾತ್ರ. ಅದನ್ನು ನೋಡಿ ಅಷ್ಟೇ ಜನಕ್ಕೆ ಸೋಂಕು ಬಂದಿತ್ತು ಅಂದುಕೊಂಡರೆ ತಪ್ಪಾಗುತ್ತದೆ.

ನನ್ನ ತಕರಾರು ಬೇರೆ ಕಡೆ ಇದೆ. ಮೊದಲ ಸಮೀಕ್ಷೆಯ ಜೊತೆಗೇ ಇನ್ನೊಂದು ಅಂಕಿ ಹೊರಬಿತ್ತು: ಸೋಂಕಿತರಲ್ಲಿ ಸಾಯುವವರು ಶೇ 0.05, ಅಂದರೆ ಹತ್ತು ಸಾವಿರಕ್ಕೆ ಐವರು. ಈ ಭಾಗಾಕಾರವನ್ನು ಬಿಡಿಸಿ ನೋಡಿ. ಕೆಳಗಿನ ಸಂಖ್ಯೆ, ಅಂದರೆ ಸೋಂಕಿತರು, ಸಮೀಕ್ಷೆಯಿಂದ ತಿದ್ದಿ 40 ಪಟ್ಟು ಹಿಗ್ಗಿದ್ದು. ಮೇಲಿನ ಸಂಖ್ಯೆ, ಅಂದರೆ ಸಾವು, ದಾಖಲೆಯಲ್ಲಿ ಇದ್ದಷ್ಟೇ. ಸೋಂಕು ಅಷ್ಟೊಂದು ತಪ್ಪಿಹೋಗಿದ್ದರೆ ಸಾವೂ ಒಂದಷ್ಟು ತಪ್ಪಿಹೋಗಿರಲೇಬೇಕಲ್ಲವೇ? ಒಂದನ್ನು ಮಾತ್ರ ತಿದ್ದಿದರೆ ಕಾಯಿಲೆ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ.

ಎಷ್ಟು ತಪ್ಪಿತ್ತು? 2020 ಮತ್ತು 2021ರಲ್ಲಿ ಭಾರತದಲ್ಲಿ ಸಹಜಕ್ಕಿಂತ ಸುಮಾರು 47 ಲಕ್ಷ ಹೆಚ್ಚು ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇನಲ್ಲಿ ಅಂದಾಜಿಸಿತು. ಅಧಿಕೃತ ಕೋವಿಡ್ ಸಾವು 4.8 ಲಕ್ಷ. ಕೇಂದ್ರ ಸರ್ಕಾರ ಆ ವಿಧಾನವನ್ನೇ ಒಪ್ಪಲಿಲ್ಲ. ಆಸ್ಪತ್ರೆ ಸಿಗದೆ ಬೇರೆ ಕಾಯಿಲೆಯಿಂದ ಸತ್ತವರೂ ಅದರಲ್ಲಿದ್ದಾರೆ, ಈ ಅನುಪಾತವನ್ನು ನೇರವಾಗಿ ಕರ್ನಾಟಕಕ್ಕೆ ಹಚ್ಚಲೂ ಆಗದು, ನಿಜ. ಆದರೆ ದಾಖಲಾಗದ ಸಾವೇ ಇಲ್ಲ ಅನ್ನಲು ನಮ್ಮ ಓಣಿಯವರು ಯಾರೂ ಒಪ್ಪುವುದಿಲ್ಲ.

ಹುಡುಕಿದರೆ ಸಿಗುತ್ತಿತ್ತು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2020ರ ಏಪ್ರಿಲ್‌ನಲ್ಲಿ ಗದಗ ನಗರದಲ್ಲಿ ತೀರಿಕೊಂಡ 80ರ ವೃದ್ಧೆ ಎಲ್ಲಿಗೂ ಪ್ರಯಾಣ ಮಾಡಿದವರಲ್ಲ. ತೀವ್ರ ಉಸಿರಾಟದ ತೊಂದರೆ ಇದ್ದವರನ್ನೆಲ್ಲ ಪರೀಕ್ಷಿಸುವ ವ್ಯವಸ್ಥೆ ಇದ್ದುದರಿಂದ ಅವರಿಗೆ ಕೋವಿಡ್ ಎಂದು ತಿಳಿಯಿತು. ಹೀಗೆ ಹುಡುಕಲು ಮನೆಮನೆಗೆ ಹೋಗಬೇಕಾದವರು ಆಶಾ ಅಕ್ಕಂದಿರು. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಅವರು ರಾಜ್ಯದ ತುಂಬ ಕೆಲಸ ನಿಲ್ಲಿಸಬೇಕಾಯಿತು.

ಎಣಿಕೆ ತಪ್ಪಿದ್ದು ಬರೀ ಅಂಕಿಯ ಮಾತಲ್ಲ, ದುಡ್ಡಿನ ಮಾತೂ ಹೌದು. ಕೋವಿಡ್‌ನಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಕೊಡುವ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಒಪ್ಪಿತು. ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಸರ್ಕಾರ ಬೇರೆಯಾಗಿ 1 ಲಕ್ಷ ಘೋಷಿಸಿತ್ತು. ಪಡೆಯಲು ಪಾಸಿಟಿವ್ ವರದಿ ಬೇಕಿತ್ತು, ಇಲ್ಲವೇ ಕೋವಿಡ್ ಎಂದು ವೈದ್ಯರು ಗುರುತಿಸಿದ ದಾಖಲೆ ಬೇಕಿತ್ತು. ಕಾಕಿ ಹತ್ತಿರ ಇದ್ದದ್ದು ಮರಣ ಪ್ರಮಾಣಪತ್ರ ಒಂದೇ, ಅದರಲ್ಲಿ ಸಾವಿನ ಕಾರಣ ಬರೆಯುವುದೇ ಇಲ್ಲ. ಅದನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನ್ನ ಮುಂದಿಟ್ಟು ಕೇಳಿದಳು: "ಇಷ್ಟರಾಗ ಆಗಂಗಿಲ್ಲೇನೋ ತಮ್ಮಾ?"