ಕೊಂಬೆ ಕಡಿದ ಹಣ್ಣಿನ ಮರಗಳೂ ಅವುಗಳಿಗೆ ಬೇಕಾದ ನೀರೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಅಪ್ಪೆಮಿಡಿಗಾಗಿಯೂ ಅಡಿಕೆ ತೋಟದ ಸೊಪ್ಪಿಗಾಗಿಯೂ ಮರಗಳ ಕೊಂಬೆಗಳನ್ನು ಕಡಿಯುವುದುಂಟು. ಹೀಗೆ ಬೋಳಾದ ಮರಕ್ಕೆ ಎಷ್ಟು ನೀರು ಬೇಕೆಂಬುದನ್ನು ರೈತರು ಅರಿತಿರತಕ್ಕದ್ದು.

ಬೇರು ಹೀರಿದ ನೀರಿನ ಬಹುಭಾಗವು ಎಲೆಗಳಿಂದಲೇ ಆವಿಯಾಗಿ ಹೋಗುವುದು. ಎಲೆಗಳು ಕಡಿಮೆಯಾದೊಡನೆ ಈ ವೆಚ್ಚವೂ ತಗ್ಗುವುದರಿಂದ, ಕಡಿದ ಮರವು ಕೆಲಕಾಲ ಬರವನ್ನು ತಾಳುವಂತೆ ತೋರುವುದು. ಆಗ ಬುಡದಲ್ಲಿ ನೀರು ನಿಲ್ಲಿಸಿದರೆ ಬೇರು ಉಸಿರುಗಟ್ಟಿ ಕೊಳೆಯುವುದು. ಆದರೆ ಈ ತಾಳಿಕೆಯು ಶಾಶ್ವತವಲ್ಲ. ಎಲೆಯೇ ಮರದ ಅಡಿಗೆಮನೆ. ಅದಿಲ್ಲದಾಗ ಚಿಗುರು ಕಾಂಡದಲ್ಲಿಯೂ ಬೇರಿನಲ್ಲಿಯೂ ಕೂಡಿಟ್ಟ ಆಹಾರವನ್ನುಂಡು ಬೆಳೆಯಬೇಕು. ಆಹಾರ ಸಾಲದೆ ಸಣ್ಣ ಬೇರುಗಳು ಸಾಯುವುವು. ಎಳೆಯ ಎಲೆಗಳು ಬಿರುಬಿಸಿಲಿಗೆ ಸಿಕ್ಕಿದಾಗ ನೀರು ಒದಗಿಸುವ ಬೇರೇ ಇಲ್ಲದಂತಾಗುವುದು. ವರ್ಷ ವರ್ಷವೂ ಕಡಿದ ಮುದಿಮರಗಳು ಒಣಗುವುದು ಇದರಿಂದಲೇ.

ಆದುದರಿಂದ ಈ ಕ್ರಮಗಳನ್ನು ಅನುಸರಿಸಬೇಕು:

1. ಮಿಡಿಯನ್ನು ದೋಟಿಯಿಂದ ಕೊಯ್ಯಬೇಕು. ಕಡಿಯಲೇಬೇಕಾದರೆ ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲನ್ನು ಮೀರಬಾರದು.

2. ಗಾಯಗಳಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು ಬೆರಸಿದ ಬೋರ್ಡೋ ಸರಿಯನ್ನು ಬಳಿಯಬೇಕು.

3. ಬುಡಕ್ಕೆ ತಾಗದಂತೆ ಸುತ್ತಲೂ ದರಕು ಹರಡಬೇಕು.

4. ಚಿಗುರೊಡೆದ ಮೇಲೆ, ಗೇಣುದ್ದ ಅಗೆದಾಗ ಮಣ್ಣು ಒಣಗಿದ್ದರೆ ಮಾತ್ರ, ಬೇರು ಹರಡಿರುವಷ್ಟು ಅಗಲಕ್ಕೆ ಇಂಗುವಂತೆ ನೀರು ಹಾಯಿಸಬೇಕು.

ಅಪ್ಪೆಯ ಬೀಜದಿಂದ ಹುಟ್ಟಿದ ಗಿಡಕ್ಕೆ ತಾಯಿಮರದ ಪರಿಮಳವೇ ಬರುವುದೆಂಬ ಭರವಸೆಯಿಲ್ಲ. ಕಸಿ ಕಟ್ಟುವ ಮುನ್ನ ಒಳ್ಳೆಯ ಮರವೊಂದು ಸತ್ತರೆ ಆ ತಳಿಯೇ ಕಣ್ಮರೆಯಾಗುವುದೆಂಬುದನ್ನು ರೈತರು ನೆನಪಿನಲ್ಲಿಡಬೇಕು.