ಈ ಮುಖ ಯಾರದು?

ಬರೆಯುವಾಗ ಬೇಡವಾದ ಪದವನ್ನು ಹೊಡೆದುಹಾಕದ ಲೇಖಕರಿಲ್ಲ. ಆದರೆ ಹಾಗೆ ಹೊಡೆದ ಗೀಟುಗಳು ಹಾಳೆಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದು ರವೀಂದ್ರನಾಥ ಟಾಗೋರರ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಒಂದು ಗೀಟನ್ನು ಇನ್ನೊಂದಕ್ಕೆ ಕೂಡಿಸುವರು, ನಡುವೆ ಮಸಿ ತುಂಬುವರು. ಅದು ಹಕ್ಕಿಯ ಕೊಕ್ಕಾಗುವುದು, ಹೆಸರಿಲ್ಲದ ಪ್ರಾಣಿಯಾಗುವುದು, ಒಮ್ಮೊಮ್ಮೆ ಮನುಷ್ಯನ ಮುಖವೂ ಆಗುವುದು. 1924ರಲ್ಲಿ ಬರೆದ ‘ಪೂರಬಿ’ ಕವಿತೆಗಳ ಹಸ್ತಪ್ರತಿಯಲ್ಲಿ ಈ ಆಟ ಎದ್ದು ಕಾಣುತ್ತದೆ.

ಕವಿ ಚಿತ್ರಕಲೆಯನ್ನು ಗಂಭೀರವಾಗಿ ಹಚ್ಚಿಕೊಂಡಾಗ ವಯಸ್ಸು ಅರವತ್ತೇಳರ ಆಸುಪಾಸು. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ಅದಕ್ಕಾಗಿ ಓಡಾಡಿದವರು ಅರ್ಜೆಂಟೀನಾದ ಲೇಖಕಿ ವಿಕ್ಟೋರಿಯಾ ಒಕಾಂಪೊ. ಒಟ್ಟು ಬರೆದ ಚಿತ್ರಗಳು 2,000ಕ್ಕೂ ಹೆಚ್ಚು. ಅವುಗಳಲ್ಲಿ ಮುಖಗಳು ಹೇರಳ.

ಮೊಟ್ಟೆಯಾಕಾರದ ನೀಳ ಮುಖ, ಸುತ್ತ ಸೆರಗಿನಂಥ ಕತ್ತಲು, ನೆಟ್ಟ ನೋಟದ ದೊಡ್ಡ ಕಣ್ಣು. ಇಂಥ ಹೆಣ್ಣಿನ ಮುಖವನ್ನು ಟಾಗೋರರು ಮತ್ತೆ ಮತ್ತೆ ಬರೆದರು. ಇದು 1884ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಅತ್ತಿಗೆ ಕಾದಂಬರೀ ದೇವಿಯ ನೆನಪು ಎನ್ನುವವರಿದ್ದಾರೆ. ಇರಬಹುದು. ಆದರೆ ಹಾಗೆಂದು ಗುರುತಿಸಿದ ಕ್ಷಣವೇ ನೋಡುವ ಕೆಲಸ ಮುಗಿದುಬಿಡುತ್ತದೆ. ಎದುರಿಗಿರುವುದು ಚಿತ್ರವಲ್ಲ, ಚರಿತ್ರೆಯ ಪುಟ. ಕವಿಗೆ ಕೆಂಪು-ಹಸಿರು ಬಣ್ಣಗಳು ಸರಿಯಾಗಿ ಕಾಣುತ್ತಿರಲಿಲ್ಲ ಎಂಬುದು ಇನ್ನೊಂದು ವಾದ. ಬಣ್ಣದ ವಿಚಿತ್ರಕ್ಕೆ ಅದು ಉತ್ತರವಾದೀತು. ಬರೀ ಕಪ್ಪು ಮಸಿಯ ಮುಖಕ್ಕೆ?

ಟಾಗೋರರಂತೂ ಬಹುಪಾಲು ಚಿತ್ರಗಳಿಗೆ ಹೆಸರನ್ನೇ ಇಡಲಿಲ್ಲ. ಚಿತ್ರದ ಕೆಲಸ ವ್ಯಕ್ತಪಡಿಸುವುದು, ವಿವರಿಸುವುದಲ್ಲ ಎಂಬುದು ಅವರ ನಿಲುವು. ಸಾವಿರಾರು ಹಾಡುಗಳಿಗೆ ಮಾತು ಕಟ್ಟಿದವರು ಇಲ್ಲಿ ಮಾತು ಬೇಡವೆಂದದ್ದು ಸುಮ್ಮನೆ ಅಲ್ಲ.

ಹಾಗಾದರೆ ಇಂಥ ಮುಖವನ್ನು ನೋಡುವುದು ಹೇಗೆ? ಯಾರು ಎಂಬುದನ್ನು ಬಿಟ್ಟು ಗೆರೆಯ ಬೆನ್ನು ಹತ್ತಬೇಕು. ಹುಬ್ಬಿನಿಂದ ಹೊರಟ ಗೆರೆ ಕೈಯೆತ್ತದೆ ಮೂಗಾಗಿ ಇಳಿದರೆ ಮುಖ ಮುಖವಾಡದಂತೆ ಬಿಗಿಯುತ್ತದೆ. ಬಾಯಿ ಒಂದು ಮೋಟು ಗೀಟಾದರೆ, ಆಡದ ಮಾತಿನ ಭಾರವೆಲ್ಲ ಕಣ್ಣಿಗೆ ಬಂತು. ಮಸಿ ಎಲ್ಲಿ ನಿಂತಿದೆ, ಹಾಳೆಯ ಬಿಳುಪನ್ನು ಎಲ್ಲಿ ಉಳಿಸಿದೆ ಎಂಬುದನ್ನೂ ಗಮನಿಸಬೇಕು. ಕೆನ್ನೆ, ಹಣೆ ಮೂಡುವುದು ಆ ಉಳಿಕೆಯಿಂದಲೇ. ಹಸ್ತಪ್ರತಿಯ ಮುಖಗಳಲ್ಲಾದರೆ ಮಸಿಯ ಅಡಿಯಲ್ಲಿ ಕವಿ ಬೇಡವೆಂದ ಪದವೂ ಇರುತ್ತದೆ.