ನಿದ್ರೆ ಬಾರದ ಇರುಳು

ಮಹಾಭಾರತದ ಉದ್ಯೋಗಪರ್ವದಲ್ಲಿ ಒಂದು ಇರುಳಿನ ಪ್ರಸಂಗವಿದೆ. ಪಾಂಡವರಲ್ಲಿಗೆ ಹೋಗಿದ್ದ ಸಂಜಯನು ಹಿಂದಿರುಗಿ ಬಂದು, ಧರ್ಮರಾಯನ ಮಾತುಗಳನ್ನು ನಾಳೆ ಸಭೆಯಲ್ಲಿಯೇ ತಿಳಿಸುವೆನೆಂದು ಹೇಳಿ ಹೊರಟುಹೋಗುತ್ತಾನೆ. ಆ ನಾಳೆಯನ್ನು ನೆನೆನೆನೆದು ಧೃತರಾಷ್ಟ್ರನಿಗೆ ನಿದ್ರೆ ಹತ್ತುವುದಿಲ್ಲ. ಮೈ ಉರಿಯುತ್ತಿದೆಯೆಂದು ಹಲುಬಿ ವಿದುರನನ್ನು ಕರೆಸಿಕೊಳ್ಳುತ್ತಾನೆ. ಬಲಿಷ್ಠನ ಕೈಗೆ ಸಿಕ್ಕ ದುರ್ಬಲ, ಸರ್ವಸ್ವವನ್ನೂ ಕಳೆದುಕೊಂಡವನು, ಕಳ್ಳ ಮೊದಲಾದವರಿಗೆ ನಿದ್ರೆ ಬಾರದೆಂದು ಹೇಳಿದ ವಿದುರನು, ಪರರ ಸ್ವತ್ತಿಗೆ ಆಸೆಪಟ್ಟು ಬೇಯುತ್ತಿಲ್ಲವಷ್ಟೆ ಎಂದು ಅರಸನನ್ನೇ ಕೇಳುತ್ತಾನೆ. ಆ ಭಾಗಕ್ಕೆ ಪ್ರಜಾಗರಪರ್ವವೆಂದೇ ಹೆಸರು, ಪ್ರಜಾಗರವೆಂದರೆ ನಿದ್ರೆಯಿಲ್ಲದಿರುವಿಕೆ. ವಿದುರನ ಪಟ್ಟಿಯಲ್ಲಿ ಪರೀಕ್ಷೆಯ ಹಿಂದಿನ ದಿನದ ವಿದ್ಯಾರ್ಥಿಯಿಲ್ಲ. ಇದ್ದಿದ್ದರೆ ತಪ್ಪಾಗುತ್ತಿರಲಿಲ್ಲ.

ನಿದ್ರೆಗೆಡುವುದು ಬೇರೆ, ನಿದ್ರೆ ಬಾರದಿರುವುದು ಬೇರೆ. ಅಮೆರಿಕದ ಸ್ಯಾನ್ ಡಿಯಾಗೋ ನಗರದ ರ್‍ಯಾಂಡಿ ಗಾರ್ಡ್ನರ್ ಎಂಬ 17 ವರ್ಷದ ವಿದ್ಯಾರ್ಥಿಯು 1964ರ ಜನವರಿಯಲ್ಲಿ ಮುಗಿದ ಒಂದು ಪ್ರಯೋಗಕ್ಕಾಗಿ 264 ಗಂಟೆಗಳ ಕಾಲ ಎಚ್ಚರವಿದ್ದನು. ದಿನ ಕಳೆದಂತೆ ಅವನ ಸಿಡುಕು ಹೆಚ್ಚಿತು, ನೆನಪು ಮಾಸಿತು, ಇಲ್ಲದುದು ಕಾಣತೊಡಗಿತು. ಅದು ಬೇಕೆಂದೇ ಕೆಟ್ಟ ನಿದ್ರೆ. ಮಲಗಲು ಬಿಟ್ಟೊಡನೆ ಅವನು ಗಾಢವಾಗಿ ಮಲಗಿದನು. ನಿದ್ರಾಹೀನತೆಯಾದರೋ ಹಾಸಿಗೆಯಿದ್ದು, ಕತ್ತಲೆಯಿದ್ದು, ಬಿಡುವಿದ್ದು ನಿದ್ರೆ ಮಾತ್ರ ಬಾರದಿರುವ ಸ್ಥಿತಿ. ವಾರದಲ್ಲಿ ಮೂರು ರಾತ್ರಿಯಾದರೂ ಹೀಗಾಗುತ್ತ ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸಕ್ಕೂ ಅಡ್ಡಿಯಾದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆಯೆಂದು ಕರೆಯುತ್ತಾರೆ.

ನಮ್ಮನ್ನು ಮಲಗಿಸುವ ಶಕ್ತಿಗಳು ಮುಖ್ಯವಾಗಿ ಎರಡು. ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸಂಗ್ರಹವಾಗುತ್ತ ಹೋಗುತ್ತದೆ. ಬಡ್ಡಿ ಏರುವ ಸಾಲದಂತೆ ಅದು ಸಂಜೆಗೆ ಭಾರವಾಗಿ ತೂಕಡಿಕೆಯನ್ನು ತರುತ್ತದೆ, ಮಲಗಿದಾಗ ತೀರುತ್ತದೆ. ಕಾಫಿಯಲ್ಲಿರುವ ಕೆಫೀನು ಈ ಸಾಲವನ್ನು ತೀರಿಸುವುದಿಲ್ಲ, ಸಾಲಗಾರನ ಕೂಗು ಕೇಳದಂತೆ ಬಾಗಿಲು ಹಾಕುತ್ತದೆ ಅಷ್ಟೆ. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ದೇಹದಲ್ಲಿ ಉಳಿದಿರಬಹುದು. ಎರಡನೆಯ ಶಕ್ತಿ ನಮ್ಮೊಳಗಿನ ಗಡಿಯಾರ. ಎರಡು ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಎಡೆಯ ಮೇಲ್ಗಡೆ, ಮಿದುಳಿನ ಬುಡದಲ್ಲಿ ಅದರ ನೆಲೆ. ಬೆಳಗಿನ ಬೆಳಕು ಅದಕ್ಕೆ ಕೀಲಿ ಕೊಡುತ್ತದೆ. ಕತ್ತಲಾದ ಮೇಲೆ ಅದರ ಅಪ್ಪಣೆಯಂತೆ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುತ್ತದೆ.

ಇವೆರಡೂ ಸರಿಯಾಗಿದ್ದರೂ ಭಯವೋ ಚಿಂತೆಯೋ ಹೊಕ್ಕರೆ ದೇಹವು ಕಾವಲಿಗೆ ನಿಲ್ಲುತ್ತದೆ. ಹುಲಿಯ ಸದ್ದು ಕೇಳಿದವನು ಮಲಗಬಾರದಷ್ಟೆ! ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯಲ್ಲಿ ಶರೀರಶಾಸ್ತ್ರವೇ ಅಡಗಿದೆ. ಆದರೆ ಗಾದೆ ಹೇಳದ ಒಂದು ಸಂಗತಿಯುಂಟು: ಚಿಂತೆ ತೀರಿದ ಮೇಲೂ ಕೆಲವರಿಗೆ ನಿದ್ರೆ ಹಿಂದಿರುಗುವುದಿಲ್ಲ. ಆರ್ಥರ್ ಸ್ಪೀಲ್ಮನ್ ಎಂಬ ಮನೋವಿಜ್ಞಾನಿಯು 1987ರಲ್ಲಿ ತನ್ನ ಸಂಗಡಿಗರೊಡನೆ ಇದಕ್ಕೆ ಕಾರಣವನ್ನು ವಿವರಿಸಿದನು. ನಿದ್ರೆಗೆಟ್ಟವನು ಅದನ್ನು ತುಂಬಿಕೊಳ್ಳಲು ಮಾಡುವ ಉಪಾಯಗಳೇ ರೋಗವನ್ನು ಪೋಷಿಸುತ್ತವೆ. ಅವನು ಎಂಟಕ್ಕೇ ಹಾಸಿಗೆ ಸೇರುತ್ತಾನೆ, ಮಧ್ಯಾಹ್ನ ಎರಡು ಗಂಟೆ ಮಲಗುತ್ತಾನೆ, ಬೆಳಗ್ಗೆ ತಡವಾಗಿ ಏಳುತ್ತಾನೆ. ಹೀಗೆ ಅಡಿನೋಸಿನ್ನಿನ ಸಾಲ ಸಾಕಷ್ಟು ಏರುವುದೇ ಇಲ್ಲ. ನಡುರಾತ್ರಿಯಲ್ಲಿ ಗಡಿಯಾರ ನೋಡಿ, ಇನ್ನು ನಾಲ್ಕೇ ಗಂಟೆ ಉಳಿಯಿತೆಂದು ಲೆಕ್ಕ ಹಾಕುತ್ತಾನೆ. ಲೆಕ್ಕ ಮಾಡುವವನಿಗೆ ನಿದ್ರೆ ಎಲ್ಲಿಂದ ಬರಬೇಕು? ಕೈಯಿಂದ ಹಿಡಿಯಹೋದಷ್ಟೂ ಜಾರುವ ಮೀನು ಅದು.

ಗಂಟೆಯ ಸದ್ದಿಗೆ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಯ ಕಥೆ ನಿಮಗೆ ತಿಳಿದಿರಬಹುದು. ಹೊರಳಾಡಿ ಹೊರಳಾಡಿ ಹಾಸಿಗೆಯೂ ಅಂತಹುದೇ ಗಂಟೆಯಾಗುತ್ತದೆ. ಅದನ್ನು ಕಂಡೊಡನೆ ಎಚ್ಚರವೇ ಬರುತ್ತದೆ. ಹಾಲಿನಲ್ಲಿ ಕುಳಿತು ತೂಕಡಿಸುತ್ತಿದ್ದವರು ಹಾಸಿಗೆ ಮುಟ್ಟಿದಾಗ ಕಣ್ಣು ಬಿಟ್ಟುಕೊಳ್ಳುವುದು ಇದರಿಂದಲೇ. 1972ರಲ್ಲಿ ರಿಚರ್ಡ್ ಬೂಟ್ಜಿನ್ ಎಂಬ ವಿದ್ವಾಂಸನು ಸೂಚಿಸಿದ ಚಿಕಿತ್ಸೆ ಈ ಗಂಟೆಯನ್ನು ಮರೆಸುವಂತಹುದು. ಹಾಸಿಗೆಯ ಮೇಲೆ ಓದು, ತಿಂಡಿ, ಮೊಬೈಲು ಕೂಡದು. ಕಣ್ಣು ಭಾರವಾದಾಗ ಮಾತ್ರ ಮಲಗಬೇಕು. ಇಪ್ಪತ್ತು ನಿಮಿಷವಾಗಿರಬಹುದೆಂದು ತೋರಿದರೂ ನಿದ್ರೆ ಬಾರದಿದ್ದರೆ ಎದ್ದು ಹೋಗಿ, ಮಂದ ಬೆಳಕಿನಲ್ಲಿ ಸಪ್ಪೆಯಾದ ಕೆಲಸದಲ್ಲಿ ತೊಡಗಿ, ತೂಕಡಿಕೆ ಬಂದಾಗ ಮರಳಬೇಕು. ಒಂದೇ ಕೋಣೆಯ ಮನೆಯಾದರೆ ಹಾಸಿಗೆ ಬಿಟ್ಟು ಗೋಡೆಗೊರಗಿ ಕುಳಿತರೂ ಆದೀತು. ರಾತ್ರಿ ಹೇಗೆ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಬದಲಾಗಬಾರದು. ಮೊದಲ ಕೆಲವು ದಿನ ಇದು ಕಠಿಣವೇ. ಮಾಡಿದವರು ಗೊಣಗದೆ ಇರುವುದಿಲ್ಲ.

ನಿಮ್ಮ ವಯಸ್ಸಿನವರ ವಿಷಯದಲ್ಲಿ ಹಿರಿಯರು ತುಸು ನ್ಯಾಯವಾಗಿ ನಡೆದುಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಹದಿಹರೆಯದಲ್ಲಿ ಒಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ. ಹತ್ತಕ್ಕೆ ನಿದ್ರೆ ಬಾರದಿರುವುದೆಲ್ಲವೂ ಸೋಮಾರಿತನವಲ್ಲ, ರೋಗವೂ ಅಲ್ಲ. ಆದರೆ ಬೇಕಾದ ನಿದ್ರೆ ಎಂಟರಿಂದ ಹತ್ತು ಗಂಟೆ. ಶಾಲೆಯ ಗಂಟೆಯಂತೂ ಕಾಯುವುದಿಲ್ಲ. ರಾತ್ರಿ ಕಣ್ಣಿಗೆ ಬೀಳುವ ಮೊಬೈಲಿನ ಬೆಳಕೂ ಭಾನುವಾರ ಹತ್ತರವರೆಗಿನ ನಿದ್ರೆಯೂ ಆ ಗಡಿಯಾರವನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತವೆ. ಪರೀಕ್ಷೆಯ ಕೊಠಡಿಗಳಲ್ಲಿ ಮೇಲ್ವಿಚಾರಣೆಗೆ ನಿಂತ ವರ್ಷಗಳಲ್ಲಿ, ಬಲ್ಲ ಉತ್ತರವನ್ನೇ ನೆನಪಿಗೆ ತಂದುಕೊಳ್ಳಲಾರದ ಕೆಂಗಣ್ಣಿನ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಓದಿದುದು ಮನಸ್ಸಿನಲ್ಲಿ ನೆಲೆಯೂರುವುದಕ್ಕೆ ನಿದ್ರೆಯೂ ಬೇಕು. ಹಾಗೆಂದು ಒಂದು ರಾತ್ರಿ ನಿದ್ರೆ ಕೆಟ್ಟಿತೆಂದು ಎದೆಗುಂದಬೇಕಾಗಿಲ್ಲ. ಕಣ್ಣೇ ಮುಚ್ಚಲಿಲ್ಲವೆನ್ನುವವರು ತಾವು ಎಣಿಸಿದುದಕ್ಕಿಂತ ಹೆಚ್ಚು ಹೊತ್ತು ಮಲಗಿರುವುದೇ ವಾಡಿಕೆ.

ವಾರಗಟ್ಟಲೆ ನಿದ್ರೆ ಬಾರದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಥೈರಾಯ್ಡ್ ಗ್ರಂಥಿಯ ದೋಷ, ಉಸಿರಾಟದ ತೊಡಕು, ಮನಸ್ಸಿನ ಖಿನ್ನತೆ ಇವುಗಳಲ್ಲಿ ಯಾವುದಾದರೂ ಹಿಂದೆ ಅಡಗಿರಬಹುದು. ಮನೆಯ ಹಿರಿಯರ ಡಬ್ಬಿಯಿಂದ ನಿದ್ರೆಯ ಮಾತ್ರೆ ತೆಗೆದು ನುಂಗುವುದು ಸರ್ವಥಾ ಕೂಡದು. ವಯಸ್ಕರಿಗೂ ಮಾತ್ರೆಗಿಂತ ಮೊದಲು, ಮೇಲೆ ಹೇಳಿದಂತಹ ಅಭ್ಯಾಸ ತಿದ್ದುವ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಸ್ಥೆಯೊಂದು 2016ರಲ್ಲಿ ಸಲಹೆ ಮಾಡಿದೆ. ಮನಸ್ಸಿನ ಭಾರವೇ ಕಾರಣವೆಂದು ತೋರಿದರೆ, 2022ರಲ್ಲಿ ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯುಂಟು. 14416 ಸಂಖ್ಯೆಗೆ ಕರೆ ಮಾಡಿ, ಹಗಲಾಗಲಿ ಇರುಳಾಗಲಿ, ಕನ್ನಡದಲ್ಲಿಯೇ ಮಾತನಾಡಬಹುದು.